ಆನೆಗುಂದಿಯ ಓಣಿಯಲ್ಲಿ ಐದು ದಿನ

ಮೊದಲನೆಯ ದಿನ

ಕಳೆದ ಡಿಸೆಂಬರ್ ಮೊದಲ ವಾರದಲ್ಲಿ ನಾನು ಆನೆಗುಂದಿಗೆ ಹೋದದ್ದು ಅಲ್ಲಿನ ಗುಡಿಗಳನ್ನು ನೋಡಲೆಂದಲ್ಲ. ವಿದೇಶದಿಂದ ಬಂದವರಿಗೆ ಕನ್ನಡ ಕಲಿಸುವುದು ಮೈಸೂರಿನಲ್ಲಿ ನನ್ನ ಕೆಲಸ. ಆಗಸ್ಟ್‌ನಲ್ಲಿ ಜರ್ಮನಿಯಿಂದ ಬಂದ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಮೂರು ವಾರ ನನ್ನೆದುರು ಕುಳಿತು ಅಕ್ಷರ ತಿದ್ದಿ, ಒಂದು ವರ್ಷದ ಸ್ವಯಂಸೇವೆಗೆಂದು ಆನೆಗುಂದಿಗೆ ಹೊರಟುಹೋಗಿದ್ದಳು. ದೀಪಾವಳಿಯ ಹೊತ್ತಿಗೆ ಅವಳಿಂದ ಒಂದು ಧ್ವನಿ ಸಂದೇಶ ಬಂತು: "ಟೀಚರ್ರ, ಆರಾಮ ಅದೀರಿಲ್ರಿ? ಅವ್ವ ಕೇಳಾಕತ್ತಾಳ, ಯಾವಾಗ ಬರ್ತೀರಿ?" ನಾನು ಕಲಿಸಿದ್ದ 'ನೀವು ಹೇಗಿದ್ದೀರಿ' ಎಂಬುದರ ಗುರುತೂ ಅದರಲ್ಲಿರಲಿಲ್ಲ. ಮೂರು ತಿಂಗಳಲ್ಲಿ ಇವಳಿಗೆ ಈ ಮಾತನ್ನು ಕೊಟ್ಟ ಮನೆಯನ್ನು ನೋಡಲೇಬೇಕೆಂದು ನಿಶ್ಚಯಿಸಿದೆ.

ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಹೊಸಪೇಟೆಯಲ್ಲಿಳಿದು ಗಂಗಾವತಿಯ ಬಸ್ಸು ಹಿಡಿದೆ. ಗಂಗಾವತಿ ಸಮೀಪಿಸಿದಂತೆ ರಸ್ತೆ ಅರ್ಧಕ್ಕರ್ಧ ಕಿರಿದಾಯಿತು. ಭತ್ತದ ಕಣಜವೆಂದು ಹೆಸರಾದ ಈ ಸೀಮೆಯಲ್ಲಿ ಸುಗ್ಗಿಯ ದಿನಗಳಲ್ಲಿ ಡಾಂಬರು ರಸ್ತೆಯೇ ಕಣವಾಗುತ್ತದೆ. ಒಂದು ಪಕ್ಕದಲ್ಲಿ ಉದ್ದಕ್ಕೂ ಸೋನಾ ಮಸೂರಿ ಭತ್ತವನ್ನು ಹರಡಿ, ವಾಹನಗಳು ಹಾಯದಂತೆ ಅಂಚಿಗೆ ಕಲ್ಲುಗಳನ್ನಿಟ್ಟಿರುತ್ತಾರೆ. ಈ ತಿಂಗಳಲ್ಲಿ ದ್ವಿಚಕ್ರ ವಾಹನದಲ್ಲಿ ಬರುವವರು ಕತ್ತಲಾಗುವ ಮೊದಲೇ ಊರು ಸೇರಿಕೊಳ್ಳುವುದು ಒಳ್ಳೆಯದು, ಏಕೆಂದರೆ ಆ ಕಲ್ಲುಗಳು ರಾತ್ರಿ ಕಾಣಿಸುವುದಿಲ್ಲ. ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಒಗ್ಗರಣೆ ಮಿರ್ಚಿ ತಿಂದೆ. ಮೈಸೂರಿನವರಿಗೆ ಒಗ್ಗರಣೆಯೆಂದರೆ ಸಾರಿಗೆ ಕೊಡುವ ಸಾಸಿವೆ, ಕರಿಬೇವು. ಇಲ್ಲಿ ಅದು ನೆನೆಸಿ ಹಿಂಡಿದ ಮಂಡಕ್ಕಿಯ ತಿಂಡಿಯ ಹೆಸರು, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ ಇಲ್ಲದಿದ್ದರೆ ಅದು ಪೂರ್ತಿಯಾಗುವುದಿಲ್ಲ.

ಅಲ್ಲಿಂದ ಆನೆಗುಂದಿಗೆ ಹತ್ತು ಹನ್ನೆರಡು ಕಿಲೋಮೀಟರ್. ಬಸ್ಸಿನ ತುಂಬ ಕೇಸರಿ ಉಟ್ಟ ಹನುಮಮಾಲೆಯ ಹುಡುಗರಿದ್ದರು. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತಲು ಹೊರಟವರು. ಮಾಲೆ ವಿಸರ್ಜನೆಯ ದಿನ ಹತ್ತಿರವಿದ್ದರೆ ಈ ರಸ್ತೆಯಲ್ಲಿ ಅರ್ಧ ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯುತ್ತದೆಂದು ನಿರ್ವಾಹಕರು ಮೊದಲೇ ಎಚ್ಚರಿಸಿದ್ದರು, ಹಾಗೆಯೇ ಆಯಿತು.

ಗಗನ ಮಹಲಿನ ಬಳಿ ನನ್ನ ವಿದ್ಯಾರ್ಥಿನಿ ಕಾದಿದ್ದಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓಣಿಯಲ್ಲಿ ಅವಳಿಗೆ ಹೆಸರಿನ ಅಗತ್ಯವೂ ಬಿದ್ದಂತಿಲ್ಲ: ಮಕ್ಕಳಿಗೆ ಅವಳು ಅಕ್ಕ, ಹಿರಿಯರಿಗೆ ತಂಗಿ, ಮನೆಯ ಯಜಮಾನಿಗೆ 'ನಮ್ಮಾಕಿ'. ಕಲ್ಲುಮಣ್ಣಿನ ಗೋಡೆಯ, ಮುಂದೆ ಕಟ್ಟೆಯುಳ್ಳ ಮನೆ ಅದು. ಅವ್ವ, ಕಾಲೇಜಿಗೆ ಹೋಗುವ ಮಗಳು, ಮುಸ್ಸಂಜೆಗೆ ಹೊಲದಿಂದ ಮರಳುವ ಅಪ್ಪ. ಪಡಸಾಲೆಯ ಪಕ್ಕದ ಸಣ್ಣ ಕೋಣೆ ಈ ಹುಡುಗಿಯದು. ಒಂದು ಮಂಚ, ಒಂದು ಟ್ರಂಕು, ಸೊಳ್ಳೆಪರದೆ, ಗೋಡೆಗೆ ಅಂಟಿಸಿದ ಒತ್ತಕ್ಷರಗಳ ಪಟ್ಟಿ.

ಅವಳನ್ನು ಇಲ್ಲಿಗೆ ಕಳಿಸಿದ್ದು 'ವೆಲ್ಟ್‌ವೆರ್ಟ್ಸ್' ಎಂಬ ಯೋಜನೆ. 'ಜಗತ್ತಿನತ್ತ' ಎಂಬುದು ಆ ಪದದ ಅರ್ಥ. ಜರ್ಮನಿಯ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಚಿವಾಲಯ 2008ರಲ್ಲಿ ಆರಂಭಿಸಿದ ಈ ಯೋಜನೆಯಡಿ 18ರಿಂದ 28 ವರ್ಷದವರು ಬೇರೆ ದೇಶಕ್ಕೆ ಹೋಗಿ, ಸಾಮಾನ್ಯವಾಗಿ ಒಂದು ವರ್ಷ, ಅಲ್ಲಿನ ಸಂಸ್ಥೆಯೊಂದರಲ್ಲಿ ದುಡಿಯುತ್ತಾರೆ. ಊಟ, ವಸತಿ, ಕೈಖರ್ಚಿಗೆ ಸಣ್ಣ ಮೊತ್ತ ಸಿಗುತ್ತದೆಯೇ ಹೊರತು ಸಂಬಳವಿಲ್ಲ. ಆರು ತಿಂಗಳಿಗಿಂತ ಹೆಚ್ಚಿನ ವೀಸಾದಲ್ಲಿ ಬಂದವರು ಹದಿನಾಲ್ಕು ದಿನಗಳೊಳಗೆ ನೋಂದಣಿ ಮಾಡಿಸಬೇಕು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಮನೆಯವರೂ ವಿವರ ಸಲ್ಲಿಸಬೇಕು. ಬಂದ ಮರುದಿನವೇ ಮಗಳು ಮೊಬೈಲಿನಲ್ಲಿ ಆ ನಮೂನೆ ತುಂಬಿದಳಂತೆ. "ನಾವು ಸೊಸಿ ತಂದಾಗೂ ಇಷ್ಟು ಕಾಗದ ಬರದಿದ್ದಿಲ್ಲರಿ" ಎಂದು ಅವ್ವ ನಕ್ಕರು.

ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ನನ್ನ ಶಿಷ್ಯೆಗೆ ಇಲ್ಲಿ ಎಲ್ಲಕ್ಕಿಂತ ಕಷ್ಟವಾದ ಪದ 'ಸಾಕು'. ಮೊದಲ ವಾರ ಅವಳು ಪಾಠದಲ್ಲಿ ಕಲಿತಂತೆ ಒಮ್ಮೆ ಸ್ಪಷ್ಟವಾಗಿ 'ಸಾಕು' ಎಂದು ಸುಮ್ಮನಾಗುತ್ತಿದ್ದಳು. ಹುಡುಗಿಗೆ ಅಡಿಗೆ ಸೇರಲಿಲ್ಲವೆಂದು ಅವ್ವ ಮೂರು ದಿನ ಕೊರಗಿದರು. 'ಸಾಕವ್ವ, ಹೊಟ್ಟಿ ತುಂಬೇತಿ, ಇನ್ನರ್ಧಾ ಹಾಕ' ಎಂದು ಬೇಡವೆನ್ನುತ್ತಲೇ ಒಂದಿಷ್ಟು ಹಾಕಿಸಿಕೊಳ್ಳಬೇಕೆಂಬುದನ್ನು ಅವಳು ನನ್ನಿಂದಲ್ಲ, ಪಕ್ಕದಲ್ಲಿ ಉಣ್ಣುತ್ತಿದ್ದ ಮಗಳಿಂದ ಕಲಿತಳು. ಮೂರು ವಾರದ ಪಾಠದಲ್ಲಿ ಆ ಪದವನ್ನು ಪದವಾಗಿ ಮಾತ್ರ ಕಲಿಸಿದ್ದಕ್ಕೆ ನನಗೆ ಬೇಸರವಾಯಿತು.

ಎರಡನೆಯ ದಿನ

ನಲ್ಲಿಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ಬೆಳಗಿನ ಜಾವ. ಐದೂವರೆಗೆ ಕೊಡಗಳ ಸದ್ದಿಗೆ ಎಚ್ಚರಗೊಂಡು ಹೊರಬಂದಾಗ ಹುಡುಗಿ ಆಗಲೇ ಸೆರಗಿನಂತೆ ವೇಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲಿನ ತೊಟ್ಟಿ ತುಂಬಿಸುತ್ತಿದ್ದಳು. ಬೆಳಗಿನ ಚಳಿ ಹಿತವಾಗಿತ್ತು. ಒಲೆಯ ಮೇಲಿನ ಹಂಡೆಯ ನೀರನ್ನು ಮನೆಮಂದಿಯೆಲ್ಲ ಸರದಿಯಲ್ಲಿ ಹಂಚಿಕೊಳ್ಳಬೇಕು. ಒಂದು ಬಕೆಟ್‌ನಲ್ಲಿ ತಲೆ ತೊಳೆದುಕೊಳ್ಳುವುದನ್ನು ಕಲಿಯಲು ತನಗೆ ಒಂದು ತಿಂಗಳು ಬೇಕಾಯಿತೆಂದು ಅವಳು ಹೇಳಿದಳು. ಬಟ್ಟೆ ಒಗೆಯಲು ತುಂಗಭದ್ರೆಯ ದಂಡೆಗೆ ಹೆಂಗಸರೊಂದಿಗೆ ಹೋಗುತ್ತಾಳೆ. ಮೊದಮೊದಲು ಅವಳ ಬುಟ್ಟಿಯನ್ನು ಯಾರಾದರೂ ಕಸಿದುಕೊಂಡು ತಾವೇ ಒಗೆದು ಕೊಡುತ್ತಿದ್ದರಂತೆ. ಈಗ ಬಂಡೆಯ ಮೇಲೆ ಅವಳಿಗೂ ಒಂದು ಜಾಗ ಬಿಟ್ಟಿರುತ್ತಾರೆ.

ಒಂಬತ್ತಕ್ಕೆ ಬಾಳೆನಾರಿನ ಮನೆಗೆ ಹೋದೆವು. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುವ ಈ ದಂಡೆಯಲ್ಲಿ ಬಾಳೆತೋಟಗಳಿಗೆ ಲೆಕ್ಕವಿಲ್ಲ. ಗೊನೆ ಕಡಿದ ಮೇಲೆ ಬಾಳೆಯ ಗಿಡ ಕಸವೇ. ಆ ಕಸದಿಂದ ಹುರಿ ಮಾಡಿ ಬುಟ್ಟಿ, ಚಾಪೆ, ಚೀಲ ಹೆಣೆಯುವ ಕೆಲಸಕ್ಕೆ ಈ ಊರಿನಲ್ಲಿ ದಾರಿ ಮಾಡಿದ್ದು 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್. ಅನಂತರ ಕೆಲಸ ಓಣಿಯಿಂದ ಓಣಿಗೆ ಹಬ್ಬಿದೆ. ಹುಡುಗಿ ಇರುವುದು ಹತ್ತು ಹನ್ನೆರಡು ಹೆಂಗಸರ ಒಂದು ಸಣ್ಣ ಗುಂಪಿನ ಜೊತೆ.

ನಾನು ಇಡೀ ಬೆಳಗು ಅಲ್ಲಿಯೇ ಕುಳಿತೆ. ಒಣಗಿದ ಬಾಳೆಪಟ್ಟೆ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಬೆರಳಿನಿಂದ ತಟ್ಟಿದರೆ ಹಳೆಯ ಕಾಗದದಂತೆ ಸದ್ದು ಮಾಡುತ್ತದೆ. ಅದನ್ನು ಉದ್ದಕ್ಕೆ ಸೀಳಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ಎರಡು ಎಳೆಗಳನ್ನು ಅಂಗೈಗಳ ನಡುವೆ ಹೊಸೆಯುತ್ತಾರೆ. ಬಲಗೈ ಮುಂದಕ್ಕೆ ಸರಿದಂತೆ ಎಳೆಗಳು ಬೇರೆಬೇರೆಯಾಗಿ ಬಿಗಿಯಾಗುತ್ತವೆ, ಕೈ ಹಿಂದಕ್ಕೆ ಬಂದಾಗ ಒಂದನ್ನೊಂದು ಸುತ್ತಿಕೊಳ್ಳುತ್ತವೆ. ಎಳೆ ಮುಗಿಯುವ ನಾಲ್ಕು ಬೆರಳಿನ ಮೊದಲೇ ಹೊಸದನ್ನು ಸೇರಿಸಬೇಕು. ತುದಿಯಲ್ಲಿ ಸೇರಿಸಿದರೆ ಅಲ್ಲಿ ಗಂಟು ನಿಲ್ಲುತ್ತದೆ, ಬುಟ್ಟಿಯ ಮೈಯಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನನ್ನ ಕಡೆ ನೋಡುತ್ತಲೇ, ಕೈ ನೋಡದೆಯೇ, ಮಾರುಗಟ್ಟಲೆ ಹೊಸೆಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನಾನು ಹೊಸೆದದ್ದು ಮೂರು ಮೊಳ.

ಹುಡುಗಿ ಹುರಿ ಹೊಸೆಯುವುದಿಲ್ಲ. ಬಂದ ಹೊಸತರಲ್ಲಿ ಪ್ರಯತ್ನಿಸಿದ್ದಳು. ಅವಳು ಹೊಸೆದದ್ದನ್ನು ಸಂಜೆ ಯಾರಾದರೂ ಬಿಚ್ಚಿ ಮತ್ತೆ ಹೊಸೆಯಬೇಕಾಗುತ್ತಿತ್ತೆಂದು ತಿಳಿದ ದಿನ ನಿಲ್ಲಿಸಿದಳು. ಅದರ ಬದಲು ಲೆಕ್ಕದ ಪುಸ್ತಕ ಹಿಡಿದಳು. ಯಾರು ಎಷ್ಟು ಮಾರು ಹೊಸೆದರು, ಯಾವ ಬುಟ್ಟಿಗೆ ಎಷ್ಟು ಹುರಿ ಹೋಯಿತು, ಯಾರಿಗೆ ಎಷ್ಟು ಬಾಕಿ ಎಂಬುದೆಲ್ಲ ಹಿಂದೆ ಹೆಂಗಸರ ನೆನಪಿನಲ್ಲಿತ್ತು. ನೆನಪುಗಳು ಹೊಂದದ ದಿನ ಮನಸ್ಸುಗಳೂ ಒಡೆಯುತ್ತಿದ್ದವು. ಈಗ ಪ್ರತಿ ಸಂಜೆ ಎಲ್ಲರೆದುರು ಗಟ್ಟಿಯಾಗಿ ಓದಿ, ಅವರು ಹೌದೆಂದ ಮೇಲೆಯೇ ಬರೆಯುತ್ತಾಳೆ. ಕನ್ನಡದಲ್ಲಿ ಬರೆಯಬೇಕೆಂಬುದು ಹೆಂಗಸರ ಷರತ್ತು.

ರಾತ್ರಿ ಊಟವಾದ ಮೇಲೆ ಅವಳು ಕಟ್ಟೆಯ ಮೇಲೆ ಕುಳಿತು ತಾಯಿಗೆ ಫೋನ್ ಮಾಡುತ್ತಾಳೆ. ಚಳಿಗಾಲದಲ್ಲಿ ಜರ್ಮನಿಯ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಇಲ್ಲಿ ಒಂಬತ್ತಾದಾಗ ಅಲ್ಲಿ ತಾಯಿ ಕಚೇರಿಯಿಂದ ಹೊರಡುವ ವೇಳೆ. ಅವ್ವ ಪ್ರತಿ ಸಲವೂ ಫೋನಿಗೆ ಮುಖ ತೋರಿಸಿ "ನಿಮ್ಮ ಮಗಳು ಉಂಡಾಳ್ರಿ" ಎಂದು ಕನ್ನಡದಲ್ಲಿಯೇ ವರದಿ ಒಪ್ಪಿಸುತ್ತಾರೆ. ಸೆಪ್ಟೆಂಬರ್‌ನಲ್ಲಿ ಹುಡುಗಿಗೆ ಟೈಫಾಯಿಡ್ ಆದಾಗ ಹನ್ನೊಂದು ದಿನ ಅವಳ ಕೋಣೆಯ ನೆಲದ ಮೇಲೆ ಮಲಗಿದವರು ಇವರೇ. ಜೋಳದ ಗಂಜಿ ಕುಡಿಸಿ, ತಲೆ ಬಾಚಿ, ಔಷಧದ ಚೀಟಿಯನ್ನು ಮಗಳಿಂದ ಓದಿಸಿಕೊಂಡು ಗಳಿಗೆ ತಪ್ಪದೆ ಮಾತ್ರೆ ಕೊಟ್ಟರು. ಸ್ವಯಂಸೇವಕಿಯ ಕಡತದಲ್ಲಿ ಅವಳು ಮಾಡಿದ ಸೇವೆಯ ವಿವರವಿರುತ್ತದೆ. ಅವಳಿಗೆ ನಡೆದ ಸೇವೆಯನ್ನು ಬರೆಯಲು ಅಲ್ಲಿ ಯಾವ ಅಂಕಣವೂ ಇಲ್ಲ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

ಮೂರನೆಯ ದಿನ

ಹುಡುಗಿಯ ರಜೆಯ ದಿನ. ಇಬ್ಬರೂ ಹಿರೇಬೆಣಕಲ್ಲಿಗೆ ಹೋದೆವು. ಗಂಗಾವತಿಯಿಂದ ಕೊಪ್ಪಳದ ಕಡೆಗೆ ಸುಮಾರು ಹತ್ತು ಕಿಲೋಮೀಟರ್ ಹೋಗಿ ಇಳಿದು, ಗುಡ್ಡದ ಮೇಲೆ ನಡೆದು ಹತ್ತಬೇಕು. ದಾರಿಯಲ್ಲಾಗಲಿ ಮೇಲಾಗಲಿ ಒಂದು ಗುಟುಕು ನೀರೂ ಸಿಗುವುದಿಲ್ಲವಾದ್ದರಿಂದ ಅವ್ವ ಎರಡೆರಡು ಬಾಟಲಿ ನೀರು, ರೊಟ್ಟಿ ಬುತ್ತಿ ಕಟ್ಟಿಕೊಟ್ಟಿದ್ದರು. ಬಿಸಿಲೇರುವ ಮೊದಲೇ ಹತ್ತಬೇಕೆಂದು ಆರಕ್ಕೇ ಹೊರಟಿದ್ದರೂ ಬಾಣದ ಗುರುತೊಂದನ್ನು ತಪ್ಪಿ ಮುಳ್ಳುಪೊದೆಯ ನಡುವೆ ಮುಕ್ಕಾಲು ಗಂಟೆ ಸುತ್ತಾಡಿದೆವು. ಕುರಿ ಕಾಯುವ ಹುಡುಗನೊಬ್ಬ ಕೋಲಿನಿಂದ ದಾರಿ ತೋರಿಸಿದ.

ಮೇಲೆ ಹೋದಾಗ ಕಂಡದ್ದು ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಒಂದು ಬದಿಗೆ ದುಂಡನೆಯ ಕಿಂಡಿ ಕೊರೆದ ನೂರಾರು ಗೋರಿಮನೆಗಳು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಶಿಲಾ ಸಮಾಧಿಗಳು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಕುಳ್ಳರಾದ ಮೋರ್ಯರು ಇಲ್ಲಿ ವಾಸಿಸಿದ್ದರೆಂಬುದು ಊರಿನವರ ನಂಬಿಕೆ. ಅದಕ್ಕೇ ಇದು ಮೋರ್ಯರ ಗುಡ್ಡ. ಬಂಡೆಯೊಂದರ ನೆರಳಿನಲ್ಲಿ ಕುಳಿತಾಗ ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ತಿಂಗಳಿಗೊಮ್ಮೆ ಇಲ್ಲಿಗೆ ಬರುತ್ತಾಳಂತೆ. ಊರಿನಲ್ಲಿ ಒಬ್ಬಳೇ ಕುಳಿತರೆ ಯಾರಾದರೂ ಬಂದು, ಮೈ ಸರಿಯಿಲ್ಲವೇ, ಮನೆಯ ನೆನಪಾಯಿತೇ ಎಂದು ಕೇಳಿ ಜೊತೆಗೆ ಕೂರುತ್ತಾರೆ. ಆ ಪ್ರೀತಿ ತನಗೆ ಅರ್ಥವಾಗುತ್ತದೆ, ಆದರೂ ಕೆಲವೊಮ್ಮೆ ಉಸಿರು ಕಟ್ಟಿದಂತಾಗುತ್ತದೆ ಎಂದಳು. 'ಏಕಾಂತ'ಕ್ಕೆ ಇಲ್ಲಿಯ ಮಾತಿನಲ್ಲಿ ಏನೆನ್ನುತ್ತಾರೆಂದು ಕೇಳಿದಳು. 'ಒಬ್ಬಾಕೀನ' ಎಂಬುದೊಂದೇ ನನಗೆ ಹೊಳೆಯಿತು. ಅದರಲ್ಲಿ ಕೇಳುವವರ ಮರುಕವೂ ಸೇರಿಕೊಂಡಿದೆ.

ಇಳಿದು ಬಂದು ಚಹಾದಂಗಡಿಯಲ್ಲಿ ಕುಳಿತಾಗ ನಿವೃತ್ತ ಮೇಷ್ಟ್ರೊಬ್ಬರು ಮಾತಿಗೆ ಸಿಕ್ಕರು. ಹುಡುಗಿಯ ಕನ್ನಡ ಕೇಳಿ ಸಂತೋಷಪಟ್ಟ ಅವರು, ಶಾಲೆಯಲ್ಲಿ ಪಾಠ ಮಾಡುತ್ತಿಲ್ಲವೆಂದು ತಿಳಿದು ಇನ್ನೂ ಸಂತೋಷಪಟ್ಟರು. ಮೊದಲು ತಾವು ಕೆಲಸ ಮಾಡುತ್ತಿದ್ದ ಕಡೆ ಹೀಗೆ ಹೊರದೇಶದ ತರುಣ ತರುಣಿಯರು ಬಂದು ಇಂಗ್ಲಿಷ್ ಕಲಿಸುತ್ತಿದ್ದರಂತೆ. "ಬಂದವ್ರೆಲ್ಲಾ ಒಳ್ಳೇವ್ರ ರೀ. ಆದರ ಪ್ರತಿ ವರ್ಷ ಹೊಸಬ್ರು, ಪ್ರತಿ ವರ್ಷ ಎ ಬಿ ಸಿ ಡಿಯಿಂದನ ಶುರು. ಅವ್ರು ಹೋಗೂ ದಿನ ಹುಡುಗ್ರು ಅಳೂದು ನೋಡಾಕ ಆಗ್ತಿರಲಿಲ್ಲ. ಎರಡನೇ ವರ್ಷ ಅಳ್ತಾವ, ಮೂರನೇ ವರ್ಷ ಹತ್ತಿರಾನ ಹೋಗೂದಿಲ್ಲ." ಈ ಮಾತು ಹುಡುಗಿಗೆ ಹೊಸದಾಗಿರಲಿಲ್ಲ. ಬರುವ ಮೊದಲು ನಡೆದ ಶಿಬಿರದಲ್ಲಿಯೇ ಇದರ ಚರ್ಚೆಯಾಗಿತ್ತು; ಶಾಲೆಯ ಕೆಲಸ ಬೇಡವೆಂದು ಅವಳೇ ಕೇಳಿಕೊಂಡಿದ್ದಳು. ಮಕ್ಕಳು ಸಂಜೆ ಕಟ್ಟೆಗೆ ಬಂದರೆ ಅವರು ಓದುತ್ತಾರೆ, ಅವಳು ಕೇಳಿಸಿಕೊಳ್ಳುತ್ತಾಳೆ. ತಪ್ಪು ಉಚ್ಚರಿಸಿದರೆ ಮಕ್ಕಳು ಅವಳನ್ನು ತಿದ್ದುತ್ತಾರೆ.

ಊರಿಗೆ ಮರಳುವಾಗ ಆಟೋ ಚಾಲಕರೊಬ್ಬರು ಅವಳ ಬಣ್ಣ ನೋಡಿ ಮೂರು ಪಟ್ಟು ಬಾಡಿಗೆ ಹೇಳಿದರು. ಪಕ್ಕದಲ್ಲಿದ್ದ ಹಣ್ಣಿನಾಕೆ ಎದ್ದು ನಿಂತು "ಆಕಿ ಟೂರಿಸ್ಟ್ ಅಲ್ಲೋ, ಆನೆಗುಂದ್ಯಾಕಿ" ಎಂದು ಗದರಿದರು. ವಿರುಪಾಪುರ ಗಡ್ಡೆಯ ರೆಸಾರ್ಟ್‌ಗಳು ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಮಾರ್ಚ್‌ನಲ್ಲಿ ತೆರವಾಗುವವರೆಗೂ ಈ ದಂಡೆಯಲ್ಲಿ ವಿದೇಶಿಯರೆಂದರೆ ನಾಲ್ಕು ದಿನ ಇದ್ದು ಹೋಗುವವರು. ಬಿಳಿಯ ಮುಖ ಕಂಡಾಗ ಆ ಲೆಕ್ಕ ಇನ್ನೂ ಜನರ ಬಾಯಿಗೆ ಬರುತ್ತದೆ.

ನಾಲ್ಕನೆಯ ದಿನ

ಡಿಸೆಂಬರ್ 5. ವಿಶ್ವಸಂಸ್ಥೆ 1985ರಲ್ಲಿ ಅಂತಾರಾಷ್ಟ್ರೀಯ ಸ್ವಯಂಸೇವಕರ ದಿನವೆಂದು ಗೊತ್ತುಮಾಡಿದ ದಿನವಿದು. ಹುಡುಗಿಯ ಫೋನಿಗೆ ಬೆಳಿಗ್ಗೆ ಬೇರೆ ಬೇರೆ ದೇಶಗಳಲ್ಲಿರುವ ಗೆಳೆಯರಿಂದ ಶುಭಾಶಯಗಳು ಬಂದಿದ್ದವು. ಅಪ್ಪ ಮಾತ್ರ ಆಕಾಶವನ್ನೇ ನೋಡುತ್ತಿದ್ದರು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆಯೆಂದು ರಾತ್ರಿ ಸುದ್ದಿಯಲ್ಲಿ ಹೇಳಿದ್ದರು. ಮೋಡ ಕಟ್ಟಿತ್ತೇ ಹೊರತು ಮಳೆ ಬರುವ ಲಕ್ಷಣವಿದೆಯೆಂದು ನನಗನ್ನಿಸಲಿಲ್ಲ.

ಹನ್ನೊಂದರ ಸುಮಾರಿಗೆ ನಾರಿನ ಮನೆಯಲ್ಲಿ ಕುಳಿತಿದ್ದಾಗ ಗಾಳಿಯ ವಾಸನೆ ಬದಲಾಯಿತು. ನಾನು ಇನ್ನೂ ತಲೆಯೆತ್ತುತ್ತಿದ್ದೆ, ಹುಡುಗಿ ಆಗಲೇ ಪುಸ್ತಕವನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಹೊರಗೋಡಿದ್ದಳು. ಹಿಂದಿನ ಬಯಲಿನಲ್ಲಿ ಎರಡು ವಾರದಿಂದ ಒಣಗುತ್ತಿದ್ದ ಬಾಳೆಪಟ್ಟೆಗಳಿದ್ದವು. ಒಮ್ಮೆ ನೆನೆದರೆ ಅವು ಬೂಷ್ಟು ಹಿಡಿದು ಕಪ್ಪಾಗುತ್ತವೆ. ಮುಂದಿನ ಒಂದೂವರೆ ತಿಂಗಳ ಕೂಲಿ ಆ ಬಯಲಿನಲ್ಲಿ ಹರಡಿತ್ತು. ಹೆಂಗಸರು ಸೀರೆಯ ನೆರಿಗೆ ಎತ್ತಿಕಟ್ಟಿ ತೋಳಿನ ತುಂಬ ಬಾಚಿ ತಬ್ಬಿ ತರತೊಡಗಿದರು. ಒಣಗಿದ ಪಟ್ಟೆಯ ಅಂಚು ಚರ್ಮವನ್ನು ಸಣ್ಣಗೆ ಗೀರುತ್ತದೆಂಬುದು ನನಗೆ ಆಗ ತಿಳಿಯಿತು. ಮೊದಲ ದಪ್ಪ ಹನಿಗಳು ಬೀಳುವಾಗ ಬಯಲಿನ ಮೂರನೆಯ ಒಂದು ಪಾಲು ಇನ್ನೂ ಉಳಿದಿತ್ತು. ಅಜ್ಜಿ ಓಡಲಾರದೆ ಬಾಗಿಲಲ್ಲಿ ನಿಂತು, ಯಾವುದನ್ನು ಮೊದಲು ತರಬೇಕೆಂದು ಕೂಗಿ ಹೇಳುತ್ತಿದ್ದರು: ತೆಳುವಾದದ್ದನ್ನು ಮೊದಲು, ದಪ್ಪನೆಯದು ಸ್ವಲ್ಪ ತಡೆಯುತ್ತದೆ.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಇನ್ನೊಂದು ಕೂಗು ಎದ್ದಿತು. ಅಪ್ಪನ ಭತ್ತ ರಸ್ತೆಯಲ್ಲಿತ್ತು. ನಾಲ್ವರು ಅತ್ತ ಓಡಿದೆವು. ಹಲಗೆಯಿಂದ ಭತ್ತವನ್ನು ರಾಶಿಗೆ ನೂಕಿ, ತಾಡಪತ್ರಿ ಹೊದಿಸಿ, ಅಂಚಿಗೆ ಕಲ್ಲು ಹೇರಿದೆವು. ಹನುಮಮಾಲೆಯ ಹುಡುಗರ ಜೀಪೊಂದು ನಿಂತು ಆರೇಳು ಜನ ಇಳಿದು ಕೈಹಾಕದಿದ್ದರೆ ಅರ್ಧ ಭತ್ತ ನೆನೆದುಹೋಗುತ್ತಿತ್ತು. ಯಾರು ಯಾರನ್ನೂ ಏನೂ ಕೇಳಲಿಲ್ಲ. ಗಾಳಿಗೆ ಎದ್ದ ತಾಡಪತ್ರಿಯ ಮೂಲೆಯನ್ನು ಒತ್ತಿ ಹಿಡಿದು ಅದರ ಮೇಲೆಯೇ ಕುಳಿತಿದ್ದ ಹುಡುಗಿಯನ್ನು ಅಪ್ಪ "ಏಳಬ್ಯಾಡ ತಂಗಿ, ಅಲ್ಲೇ ಕುಂದ್ರು" ಎಂದು ಕೂಗಿದರು. ಇಪ್ಪತ್ತು ನಿಮಿಷ ಅವಳು ಮಳೆಯಲ್ಲಿ ಆ ಮೂಲೆಯ ಮೇಲೆಯೇ ಕುಳಿತಿದ್ದಳು.

ನಾರಿನ ಮನೆಯಲ್ಲಿ ಸುಮಾರು ಕಾಲು ಭಾಗ ಪಟ್ಟೆ ನೆನೆದಿತ್ತು. ಸಂಜೆಯವರೆಗೂ ಎಲ್ಲರೂ ಕುಳಿತು ಒಂದೊಂದನ್ನೇ ಒರೆಸಿ, ಒಳಗೆ ಹಗ್ಗ ಕಟ್ಟಿ ನೇತುಹಾಕಿದರು. ಅವ್ವ ಮೆಣಸು, ಶುಂಠಿ ಜಜ್ಜಿ ಹಾಕಿದ ಚಹಾ ತಂದರು. ಗೆಳೆಯರ ಶುಭಾಶಯಗಳಿಗೆ ಹುಡುಗಿ ಉತ್ತರ ಬರೆದದ್ದು ರಾತ್ರಿ ಹತ್ತರ ನಂತರ.

ಐದನೆಯ ದಿನ

ಬೆಳಗಾಗುವಾಗ ಮಳೆ ನಿಂತಿತ್ತು. ಹೊರಡುವ ಮೊದಲು ಚಿಂತಾಮಣಿ ದೇವಸ್ಥಾನದ ಬಳಿ ಹೊಳೆಯ ದಂಡೆಗೆ ಹೋಗಿ ಬಂದೆ. ನೀರು ಕೆಂಪಾಗಿತ್ತು, ನವಬೃಂದಾವನಕ್ಕೆ ಹೋಗಲು ಬಂದವರನ್ನು ಅಂಬಿಗರು ಸೆಳವು ಇಳಿಯುವವರೆಗೆ ಕಾಯಲು ಹೇಳುತ್ತಿದ್ದರು. ಅವರು ಬೇಡವೆಂದ ದಿನ ಹಣದ ಆಸೆ ತೋರಿಸಿ ದೋಣಿ ಬಿಡಿಸಬಾರದು.

ಮನೆಗೆ ಬಂದಾಗ ಮಗಳು ಲೆಕ್ಕದ ಪುಸ್ತಕವನ್ನು ನನ್ನ ಮುಂದಿಟ್ಟು "ಕಾಗುಣಿತ ನೋಡಿ ಕೊಡ್ರಿ ಮೇಡಮ್" ಎಂದಳು. ನಾನು ಪುಟ ತಿರುಗಿಸಿದೆ. ಆಗಸ್ಟ್, ಸೆಪ್ಟೆಂಬರ್‌ನ ಪುಟಗಳು ನನ್ನ ಶಿಷ್ಯೆಯ ಕೈಬರಹ: ಕಷ್ಟಪಟ್ಟು ದುಂಡಗೆ ಮಾಡಿದ ಅಕ್ಷರಗಳು, ಎಲ್ಲೆಡೆ 'ಬಾಳೆ'ಗೆ ಬದಲು 'ಬಾಲೆ'. ಅಕ್ಟೋಬರ್‌ನಲ್ಲಿ ನಡುನಡುವೆ ಬೇರೊಂದು ಕೈ ಕಾಣಿಸಿತು. 'ಲ'ದ ಮೇಲೆ ಕೆಂಪು ಶಾಯಿಯಿಂದ 'ಳ' ತಿದ್ದಿತ್ತು. ನವೆಂಬರ್‌ನಿಂದೀಚೆಗೆ ಪುಟ ಬಿಟ್ಟು ಪುಟ ಮಗಳೇ ಬರೆದಿದ್ದಳು. ಇಬ್ಬರೂ ಸೇರಿ ಹಾಗೆ ಗೊತ್ತುಮಾಡಿಕೊಂಡಿದ್ದರಂತೆ, ಫೆಬ್ರುವರಿಯಿಂದ ಮಗಳೊಬ್ಬಳೇ ಬರೆಯುವುದು. ಹುಡುಗಿ ಹೊರಡುವ ಜುಲೈವರೆಗೆ ಕೂಡಿ ತಾಳೆ ನೋಡುವುದಷ್ಟೇ ಅವಳ ಕೆಲಸ. ಕೊನೆಯ ಪುಟದಲ್ಲಿ ಹಿಂದಿನ ದಿನದ ತಾರೀಕು ಹಾಕಿ, ನೆನೆದ ಪಟ್ಟೆಯ ಕಟ್ಟುಗಳ ಸಂಖ್ಯೆ ಬರೆದು, ಕೆಳಗೆ ಮಗಳು ಇನ್ನೊಂದು ಸಾಲು ಸೇರಿಸಿದ್ದಳು: 'ಮೈಸೂರು ಟೀಚರ್, ಮೂರು ಮೊಳ.'

ಎರಡು ಕಡೆ ದೀರ್ಘ ಬಿಟ್ಟುಹೋಗಿತ್ತು, ತಿದ್ದಿಕೊಟ್ಟೆ.